ಉಚಿತ ಹೆರಿಗೆ

ಚನ್ನರಾಯಪಟ್ಟಣ, ಬಾಗೂರು ರಸ್ತೆಯ ಮಗ್ಗುಲಲ್ಲಿ
ಸುಟ್ಟ ವಾರ್ನಿಷ್ ವಾಸನೆಯ ಹತ್ತಡಿ ಅಂಗಡಿ.
ಒಳಗೆ ಗಂಗಾಧರಾಚಾರ್ರು ತಂತಿ ಸುತ್ತುತ್ತಾರೆ,
ಹೊರಗೆ ನಾನು ಬಿಲ್ಲು ಬರೆಯುತ್ತೇನೆ.
ಸುತ್ತುವಾಗ ಅವರನ್ನು ಮಾತಾಡಿಸಬಾರದು.
ಎಣಿಕೆ ತಪ್ಪಿದರೆ ಮೋಟರು ಬಿಸಿಯಾಗುತ್ತದೆ,
ತಪ್ಪಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ,
ಬೋರಿಗೆ ಇಳಿದು ಮೂರು ದಿನ ಕಳೆಯುವವರೆಗೆ.

ಹಾಸನದಿಂದ ಒಬ್ಬ ಹುಡುಗ ಬಂದ, ಲ್ಯಾಪ್‌ಟಾಪು ಬಗಲಲ್ಲಿ.
"ಗೂಗಲ್ಲಲ್ಲಿ ಮೊದಲ ಪುಟ ಅಣ್ಣ, ಊರಿಗೊಂದು ಪುಟ.
ಇಂಗ್ಲಿಷಿಂದು ರೆಡಿ ಇದೆ, ಕನ್ನಡ ಮೆಶಿನ್ನು ಮಾಡುತ್ತೆ,
ಒಂದೇ ರಾತ್ರಿಗೆ ಆರುನೂರು."
ಆಚಾರ್ರು ತಂತಿಯಿಂದ ಕಣ್ಣೆತ್ತದೆ ಕೇಳಿದರು:
"ಓದೋರ್ಯಾರು?"
"ಓದೋದು ಬೇಡಣ್ಣ. ಇದ್ದರೆ ಸಾಕು."
ಎಂಟು ಸಾವಿರ. ನಾನೇ ಎಣಿಸಿ ಕೊಟ್ಟೆ.

ಒಂದು ತಿಂಗಳು ನಿಜವಾಗಿ ಮೇಲಿದ್ದೆವು.
ಬಸ್ಸಿಗೆ ಕಾಯುತ್ತ ಮೊಬೈಲಲ್ಲಿ ನಮ್ಮ ಹೆಸರು ಹುಡುಕಿ,
ಮೊದಲಲ್ಲೇ ಕಂಡು, ಒಬ್ಬಳೇ ನಕ್ಕಿದ್ದೂ ಉಂಟು.
ಒಳಕ್ಕೆ ಹೋಗಿ ಓದಿರಲಿಲ್ಲ, ಅಷ್ಟೇ.

ಓದಿಸಿದ್ದು ಒಂದು ಫೋನು. ದಿಡಗದ ಕಡೆಯ ಹೆಂಗಸು:
"ಉಚಿತ ಹೆರಿಗೆ ಅಂತ ಹಾಕಿದ್ದೀರಲ್ಲ ತಾಯಿ,
ನಮ್ಮ ಸೊಸೆಗೆ ಒಂಬತ್ತು ತುಂಬದೆ,
ಡಾಕ್ಟರಮ್ಮ ಯಾವತ್ತು ಸಿಗ್ತಾರೆ?"

ಆ ರಾತ್ರಿ ಒಂದೊಂದೇ ಪುಟ ತೆರೆದೆ.
ಬೋರ್‌ವೆಲ್ಲು ಅಲ್ಲಿ 'ಬೇಸರ ಚೆನ್ನಾಗಿದೆ' ಆಗಿತ್ತು,
ಕರೆಂಟು 'ಪ್ರಸ್ತುತ', ಸ್ಟಾರ್ಟರು 'ಊಟದ ಮುಂಚಿನ ತಿನಿಸು'.
ಹಿರೀಸಾವೆಯನ್ನು ಎರಡಾಗಿ ಸೀಳಿ
'ಹಿರಿ ಉಳಿಸಿ' ಎಂದು ಬರೆದಿತ್ತು.
ಯಾವ ಹಿರಿ, ಯಾರಿಂದ ಉಳಿಸುವುದು?
ಆಚಾರ್ರ ನಲವತ್ತು ವರ್ಷದ ಕಸುಬು
'ಮುಳುಗಬಲ್ಲ ಚಾಲಕನ ಮರು ಅಂಕುಡೊಂಕು' ಎಂಬ ಹೆಸರು ಹೊತ್ತು
ಆರುನೂರು ಊರಲ್ಲಿ ಒಂದೇ ಮುಖದಲ್ಲಿ ನಿಂತಿತ್ತು.
ಒತ್ತು, ಕೊಂಬು, ದೀರ್ಘ ಎಲ್ಲ ಸರಿ.
ಒಂದಾದರೂ ತಪ್ಪಿದ್ದರೆ ಚೆನ್ನಿತ್ತು,
ಮನುಷ್ಯರು ಬರೆದಂತೆ ಇರುತ್ತಿತ್ತು.

ನೀರಿಲ್ಲದ ಬೋರಿನಲ್ಲಿ ಮೋಟರು ಓಡುವುದು ಹೀಗೆಯೇ.
ಎಂದಿಗಿಂತ ಸಲೀಸು, ಭಾರವೇ ಇಲ್ಲ.
ಮೇಲೆ ನಿಂತವರಿಗೆ ಖುಷಿ.
ಕೆಳಗೆ, ಕತ್ತಲಲ್ಲಿ, ಬುಷ್ಷು ಕಾಯುತ್ತಿರುತ್ತದೆ.

ಎರಡನೇ ತಿಂಗಳು ಇಳಿಯತೊಡಗಿದೆವು.
ಮೂರನೇ ಪುಟ, ಏಳು, ಹನ್ನೊಂದು, ಆಮೇಲೆ ಇಲ್ಲವೇ ಇಲ್ಲ.
ಬಂದವರು ಎರಡು ಸಾಲಿಗೆ ವಾಪಸ್ಸಾಗಿದ್ದರಂತೆ,
ವಾಪಸ್ಸಾದದ್ದನ್ನು ಎಲ್ಲೋ ಲೆಕ್ಕ ಇಟ್ಟಿದ್ದರಂತೆ,
ಓದಲಾಗದ ಆರುನೂರರ ಪಾಪ
ಓದಬಲ್ಲ ಒಂದಕ್ಕೂ ತಗುಲಿತಂತೆ.
ಅದು ಆಚಾರ್ರೇ ಹೇಳಿ ಬರೆಸಿದ್ದ ಹಳೆಯ ಪುಟ:
ಕೆಲಸದ ದರ, ಫೋನ್ ನಂಬರು, ಅಮಾವಾಸ್ಯೆ ರಜ.
ಇಷ್ಟು ಅಂತೆಗಳನ್ನು ಹೇಳಿದವನು ಅದೇ ಹುಡುಗ.
ಸರಿಮಾಡಲು ಹನ್ನೆರಡು ಸಾವಿರ ಎಂದ.

ಕೊಡಲಿಲ್ಲ. ಅಳಿಸುತ್ತ ಕೂತೆ,
ದಿನಕ್ಕೆ ಮೂವತ್ತು ಊರು. ನುಗ್ಗೇಹಳ್ಳಿ ಬಂದಾಗ
ನನ್ನ ತವರೆಂದು ಒಂದು ಗಳಿಗೆ ಕೈ ತಡೆಯಿತು.
ಅಂಗಡಿಗೆ ಬಂದವರ ಬಾಯಿಂದ ಬಿದ್ದದ್ದನ್ನು
ಬಿಲ್ಲಿನ ಬೆನ್ನಿಗೆ ಬರೆದಿಟ್ಟುಕೊಂಡೆ:
"ಗುಂಯ್ ಅಂತದೆ, ನೀರೆತ್ತಲ್ಲ."
"ಸ್ಟಾರ್ಟ್ರು ಕಚ್ಕತದೆ, ಬಿಟ್ಬುಡ್ತದೆ."
"ಬೋರು ಬತ್ತಿಲ್ಲ ಕಣಮ್ಮ, ಮೋಟ್ರು ಮುನಿಸ್ಕಂಡದೆ."
ಹುಡುಕುವವರು ಹೀಗಲ್ಲವೇ ಹುಡುಕುವುದು?
ಇದನ್ನೇ ತಲೆಬರಹ ಮಾಡಿದೆ. ಒಂದೇ ಪುಟ.

ಮೇಲೆ ಬಂದಿಲ್ಲ ಇನ್ನೂ.
ನಿನ್ನೆ ನೋಡಿದಾಗ ನಾಲ್ಕನೇ ಪುಟ, ಕೆಳಗಿನಿಂದ ಎರಡನೆಯದು.
ದಿಡಗದ ಹೆಂಗಸು ಮಾತ್ರ ಮತ್ತೆ ಫೋನು ಮಾಡಿದ್ದರು.
ಹೆಣ್ಣು ಮಗುವಂತೆ. ಮೂರು ಕೇಜಿಯಂತೆ.
"ನಿಮ್ದು ಹೆರಿಗೆ ಅಲ್ದಿದ್ರೂ ಹೇಳ್ಬೇಕು ಅನ್ನಿಸ್ತು."

ಒಳಗೆ ಓಡಿದೆ, ಆಚಾರ್ರಿಗೆ ಹೇಳಲು.
ಅವರ ತುಟಿ ಅಲ್ಲಾಡುತ್ತಿತ್ತು:
ನಲವತ್ತಾರು, ನಲವತ್ತೇಳು...

ಬಾಗಿಲಲ್ಲೇ ನಿಂತೆ.