ಬ್ರೆಡ್ಡಿನ ವ್ಯಾನಿನ ಎಂಜಿನ್ನು

ಡಾರ್ಲಾಳ ಪಿಕಪ್ಪಿನ ಈಗಿನ ಡೀಸೆಲ್ ಎಂಜಿನ್ನು
ಮೊದಲು ಸ್ಪೋಕೇನಿನಲ್ಲಿ ಬ್ರೆಡ್ಡು ಹಂಚುತ್ತಿತ್ತು.
ನಾಲ್ಕೇ ಸಿಲಿಂಡರು. ಗುಜರಿಯವನು ಕೊಡುವಾಗಲೇ ಹೇಳಿದ್ದ:
ಇದು ಓಡುವ ಪೈಕಿಯಲ್ಲ, ನಡೆಯುವ ಪೈಕಿ.

ಹಳೆ ಗೇರ್‌ಬಾಕ್ಸಿಗೂ ಹೊಸ ಎದೆಗೂ
ಜಾತಕ ಕೂಡಲಿಲ್ಲ.
ನಡುವೆ ಒಂದು ಉಕ್ಕಿನ ಬಳೆ ಬೇಕಾಯಿತು,
ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ.
ಷೆಡ್ಡಿನ ಲೇತಿನಲ್ಲಿ ಮೂರು ರಾತ್ರಿ ಕೂತು ಕಡೆದಳು.
ಎರಡು ಕೆಟ್ಟವು; ಅದರಲ್ಲೊಂದು ಈಗಲೂ
ಗಾಳಿಗೆ ಬಾಗಿಲು ಬಡಿಯದಂತೆ ಹಿಡಿದಿದೆ.

ಇವತ್ತು ಆ ಲೇತನ್ನೇ ಟ್ರೈಲರಿಗೆ ಹೇರಿ
ಪೆಂಡಲ್ಟನ್ನಿನಿಂದ ಹೊರಟಳು.
ಮೂರೂವರೆ ಟನ್ನು. ಲಾ ಗ್ರ್ಯಾಂಡಿನ ಶಾಲೆಯವರು ಕೊಂಡಿದ್ದಾರೆ.
ಎದುರಿಗೆ ಕ್ಯಾಬೇಜ್ ಹಿಲ್:
ಹೆಸರಿಗೆ ಎಲೆಕೋಸು,
ಹತ್ತಿದರೆ ಕಬ್ಬಿಣದ ಕಡಲೆ.

ಲಾರಿಗಳೆಲ್ಲ ದಾಟಿ ಹೋದವು. ಒಬ್ಬ ಹಾರ್ನ್ ಬೇರೆ ಹೊಡೆದ.
ಮೂರನೇ ಗೇರು. ಆಮೇಲೆ ಎರಡು.
ಶಾಖದ ಮುಳ್ಳು ಕೆಂಪು ಗೆರೆಯ ಹತ್ತಿರ ಸರಿಯಿತು.
ಕ್ಯಾಬಿನ್ನಿನ ಹೀಟರು ಹಾಕಿದಳು, ಜುಲೈ ಬಿಸಿಲಲ್ಲಿ,
ಎಂಜಿನ್ನಿನ ಜ್ವರವನ್ನು
ತನ್ನ ಮೊಣಕಾಲಿಗೆ ಎಳೆದುಕೊಂಡು.
ಮುಳ್ಳು ನಿಂತಿತು.

ನೆತ್ತಿಯಲ್ಲಿ ರಸ್ತೆ ಸಪಾಟಾದಾಗ
ಕನ್ನಡಿಯಲ್ಲಿ ಕಂಡಿತು, ಟಾರ್ಪಾಲು ಹೊದ್ದ ಹೆಗಲು:
ತನ್ನನ್ನು ಸಾಗಿಸುವ ಬಳೆಯನ್ನು
ತಾನೇ ಕಡೆದುಕೊಟ್ಟ ಯಂತ್ರ.

ಮೀಚಮ್ ದಾಟಿದ ಮೇಲೆ ಇಳಿಜಾರು.
ಇಷ್ಟು ಹೊತ್ತು ಎಳೆಸಿಕೊಂಡದ್ದು
ಈಗ ಹಿಂದಿನಿಂದ ನೂಕತೊಡಗಿತು, ನಡಿ ನಡಿ ಎಂದು.
ಡಾರ್ಲಾ ಬ್ರೇಕಿನ ಮೇಲೆ ಕಾಲಿಟ್ಟು
"ತಾಳು" ಎಂದಳು, ಜೋರಾಗಿಯೇ.

ಹೀಟರು ಆರಿಸಲು ಮರೆತಿದ್ದಳು.