ನಾಲ್ಕನೇ ಜ್ವರ

ಗುಂಪಿಗೆ ಹೆಸರಿಟ್ಟವನು ನಾನೇ: ‘ಒಂಬತ್ತು ಬಿ, ವಿಜ್ಞಾನ’.
ಮೊದಲ ದಿನ ಹಾಕಿದ್ದು ಎಲ್ಲಿಂದಲೋ ಇಳಿಸಿಕೊಂಡ ಚಿತ್ರ.
ಮೊಟ್ಟೆ, ಹುಳು, ಗೂಡು, ಚಿಟ್ಟೆ,
ಸುತ್ತಲೂ ಗಡಿಯಾರದ ದಿಕ್ಕಿಗೆ ಬಾಗಿದ ಬಾಣ.
ನಲವತ್ತೆಂಟು ಮಕ್ಕಳು, ಮೂವತ್ತೊಂದು ಫೋನು,
ಮೂವತ್ತೊಂದು ಹೆಬ್ಬೆರಳು.
ತಾತಂದಿರ ಕಾಲದ ಹೆಬ್ಬೆಟ್ಟು ಮರಳಿ ಬಂತಲ್ಲ ಎಂದು
ಸ್ಟಾಫ್ ರೂಮಿನಲ್ಲಿ ನಕ್ಕೆವು.

ಶಿಡ್ಲಘಟ್ಟದಿಂದ ಎಂಟು ಕಿಲೋಮೀಟರು ನಮ್ಮ ಶಾಲೆ,
ಕಿಟಕಿ ತೆಗೆದರೆ ಹಿಪ್ಪುನೇರಳೆ.
ನಾನು ಮಸ್ಕಿಯ ಕಡೆಯವನು.
ಹತ್ತಿ ಗೊತ್ತು, ಹುಳು ಗೊತ್ತಿಲ್ಲ.

ರಾತ್ರಿ ಹತ್ತೂ ಮುಕ್ಕಾಲಿಗೆ ಒಂದು ಫೋಟೋ ಬಂತು,
ಹೆಸರಿಲ್ಲದ ನಂಬರು, ಡಿಪಿಯಲ್ಲಿ ಕೆಂಪು ಟ್ರ್ಯಾಕ್ಟರು.
ತಟ್ಟೆ ತುಂಬ ತಲೆಯೆತ್ತಿ ನಿಂತ ಹುಳುಗಳು,
ಒಂದೂ ಮೇಯುತ್ತಿಲ್ಲ.
‘ಸಾರ್, ಇವಕ್ಕೆ ಮೂರನೇ ಜ್ವರ.’
ಗಾಬರಿಯಲ್ಲಿ ಬರೆದೆ: ‘ಡಾಕ್ಟರಿಗೆ ತೋರಿಸಿದಿರಾ?’

ಮಳೆಹುಳು ದೀಪಕ್ಕೆ ಮುತ್ತಿದ ಹಾಗೆ
ನಗುವ ಮುಖಗಳು, ಒಂದರ ಮೇಲೊಂದು.
ಆ ನಂಬರು ನಗಲಿಲ್ಲ, ಧ್ವನಿ ಕಳಿಸಿತು, ನಲವತ್ತು ಸೆಕೆಂಡು:
ಜ್ವರ ಅಂದ್ರೆ ಕಾಯಿಲೆಯಲ್ಲ ಸಾರ್,
ಹಳೇ ಚರ್ಮ ಬಿಡೋ ಹೊತ್ತು.
ನಾಲ್ಕು ಸಲ ಬರುತ್ತೆ. ಆಗ ಸೊಪ್ಪು ಹಾಕಬಾರದು,
ಕದಲಿಸಬಾರದು, ಸುಮ್ಮನೆ ಕಾಯ್ಬೇಕು.
ಹಿಂದಿನಿಂದ ಅಜ್ಜಿ ಯಾರನ್ನೋ ಗದರಿದಳು: ‘ಆಕು ವೇಯೊದ್ದು!’

ಗೋಡೆ ಪಕ್ಕದ ಬೆಂಚಿನ ಮುನಿಲಕ್ಷ್ಮಿ.
ಎಂಟನೇ ತರಗತಿಯಿಂದ ನಾನು ಕೇಳಿದ್ದ ಅವಳ ಮಾತು
‘ಪ್ರೆಸೆಂಟ್ ಸಾರ್’ ಅಷ್ಟೇ.

ಆಮೇಲೆ ಪಾಠ ನನ್ನ ಕೈಯಲ್ಲಿ ಉಳಿಯಲಿಲ್ಲ.
ಜ್ವರದಿಂದ ಎದ್ದ ಹುಳು ಮೇಯುವ ಸದ್ದು ಕಳಿಸಿದಳು.
ಪರೀಕ್ಷೆಯಲ್ಲಿ ಕೊನೆಯ ಐದು ನಿಮಿಷ
ಎಲ್ಲರೂ ಒಟ್ಟಿಗೆ ಹಾಳೆ ತಿರುವಿದ ಹಾಗೆ ಇತ್ತು.
ಕ್ಲಾಸಿನಲ್ಲಿ ಫೋನನ್ನು ಸ್ಟೀಲ್ ಲೋಟದೊಳಗಿಟ್ಟು
ಕಣ್ಣುಮುಚ್ಚಿ ಕೇಳಿದೆವು.
ಪೇಟೆಯಿಂದ ಸೈಕಲ್ಲಿನಲ್ಲಿ ಬರುವ ತೌಸೀಫ್ ವಿಡಿಯೋ ಹಾಕಿದ:
ಕುದಿವ ನೀರು, ತೇಲುವ ಗೂಡು,
ಎಳೆಯ ತುದಿ ಹುಡುಕುವ ಅವನಮ್ಮನ ಬಿಳಿಚಿದ ಬೆರಳು.
ಅಲ್ಲಿ ಚಿಟ್ಟೆ ಇರಲಿಲ್ಲ.
ನನ್ನ ಚಿತ್ರದ ಬಾಣ ಆ ಬಾಣಲೆಯ ಹತ್ತಿರ ಬಂದು
ಎತ್ತ ಹೋಗಬೇಕೋ ತಿಳಿಯದೆ ನಿಂತಿತು.
ಎಲ್ಲರೂ ಎಷ್ಟು ಕೆಜಿ, ಎಷ್ಟು ರೇಟು ಎಂದು ಕೇಳುವಾಗ
ಮುನಿಲಕ್ಷ್ಮಿ ಕೇಳಿದಳು:
‘ನಿಮ್ಮಮ್ಮಂಗೆ ಕೈ ಉರಿಯಲ್ವಾ?’
‘ರಾತ್ರಿ ಉರೀತದೆ’ ಎಂದ ತೌಸೀಫ್.

ಬೆಳಿಗ್ಗೆ ನೋಡಿದರೆ ಬೂದುಬಣ್ಣದ ಒಂದು ಸಾಲು.
ಟ್ರ್ಯಾಕ್ಟರಿನ ನಂಬರು ಗುಂಪು ಬಿಟ್ಟಿತ್ತು.
ಫೋನು ಅಣ್ಣನದು.
ಅವರ ಮನೆಗೆ ಹೋದೆ. ಚಾಪೆ ಹಾಸಿದರು, ಕಾಫಿ ಕೊಟ್ಟರು,
‘ಓದಲಿ ಸಾರ್, ಎಷ್ಟು ಬೇಕಾದರೂ. ಫೋನು ಬೇಡ.’
ವಾದ ಕಟ್ಟಿಕೊಂಡೇ ಹೋಗಿದ್ದೆ, ಹೇಳದೆ ಬಂದೆ.
ನನಗೂ ಹದಿಮೂರರ ಮಗಳಿದ್ದಾಳೆ,
ಅವಳ ಫೋನನ್ನು ನಾನೂ ಕದ್ದು ನೋಡುತ್ತೇನೆ.

ಶುಕ್ರವಾರ, ಪ್ರಾರ್ಥನೆಗೆ ಮೊದಲು, ಮೇಜಿನ ಮೇಲೊಂದು ಹಾಳೆ.
ತಟ್ಟೆಗೆ ಹಾಸುವ ಪತ್ರಿಕೆಯ ಚೂರು, ಸೊಪ್ಪಿನ ಹಸಿರು ಕಲೆ,
ಅಂಚಿನಲ್ಲಿ ಪೆನ್ಸಿಲ್ಲಿನ ಅಕ್ಷರ:
‘ನಾಲ್ಕನೇದು ಬಂತು ಸಾರ್. ನಿನ್ನೆ ಸಂಜೆಯಿಂದ ಸೊಪ್ಪು ನಿಲ್ಲಿಸಿದ್ದೀವಿ.’
ಫೋಟೋ ತೆಗೆದು ಗುಂಪಿಗೆ ಹಾಕಿದೆ.
ಕೆಳಗೆ ನಾನೇನೂ ಬರೆಯಲಿಲ್ಲ.
ಈ ಸಲ ಹೆಬ್ಬೆರಳು ಬರಲಿಲ್ಲ.
ತುಂಬ ಹೊತ್ತಾದ ಮೇಲೆ ತೌಸೀಫ್:
‘ಯಾವಾಗ ಏಳ್ತವೆ, ಕೇಳಿ ಹೇಳಿ ಸಾರ್.’

ಎರಡನೇ ಪಿರಿಯಡ್. ಹಾಜರಿ ಕರೆಯುತ್ತಿದ್ದೇನೆ.
ಅವಳ ಹೆಸರು ಇನ್ನೂ ಆರು ಹೆಸರಿನಾಚೆ.