ಹನ್ನೊಂದೂವರೆ

ಮೂರನೆಯ ವರ್ಷದ ಕಾಗದ ಬಂದಾಗ
ಮಕ್ಕಳಿಗೆ ಗಂಜಿ ಬಡಿಸುತ್ತಿದ್ದೆವು.
'ಇನ್ನು ನಿಮ್ಮ ಕಾಲ ಮೇಲೆ ನೀವೇ ನಿಲ್ಲಬೇಕು'
ಎಂದಿತ್ತು, ಬಲು ಮರ್ಯಾದೆಯಿಂದ.
ಚೋಮಿ ತನ್ನ ಕಾಲು ನೋಡಿಕೊಂಡಳು:
ಬೆಳಗಿನಿಂದ ಅದರ ಮೇಲೇ ನಿಂತಿದ್ದಳು.

ಬಾಳೆಲೆಯ ಹಳೇ ಗೋಡೌನು ನಮ್ಮ ಶಿಶುಮನೆ.
ಲೈನ್ ಮನೆಗಳ ಇಪ್ಪತ್ತಾರು ಮಕ್ಕಳು.
ಅಮ್ಮಂದಿರು ಕಾಫಿ ಕುಯ್ಯುವಾಗ
ಗಿಡದ ಬುಡದಲ್ಲಿ ಗೋಣಿ ಹಾಸಿ ಮಲಗಿಸಿದರೆ
ಕೆಂಜಿಗ ಬರುತ್ತದೆ. ಆನೆಯೂ ಬರುತ್ತದೆ.

ಮೊದಲು ಉಪ್ಪಿನಕಾಯಿ ಹಾಕಿದೆವು.
ಕೈಪುಳಿ, ಕಳಲೆ. ಹೊಗಳಿದವರು ನೂರು ಜನ,
ಎರಡನೆಯ ಬಾಟಲಿ ಕೊಂಡವರು ಒಂಬತ್ತು.
ದಯೆಯ ನಾಲಿಗೆಗೆ ಒಂದು ಸಲದ ರುಚಿ ಸಾಕು.

ಆಮೇಲೆ ಕಾಚಂಪುಳಿ.
ಮಳೆಯಲ್ಲಿ ಪಣಪುಳಿ ಆಯ್ದು ರಸ ಇಳಿಸಿ
ಕುದಿಸಿ ಕುದಿಸಿ ಕಪ್ಪಾಗಿಸಿ
ಬಾಟಲಿಗೆ ನೂರೈವತ್ತು ಎಂದೆವು.
ಮಡಿಕೇರಿ ಅಂಗಡಿಯವನು ಮಾತಾಡದೆ ಎಲ್ಲ ಎತ್ತಿಕೊಂಡ.
ಆಗಲೇ ತಿಳಿಯಬೇಕಿತ್ತು.
ಲೆಕ್ಕ ಬರೆದವಳು ನಾನು:
ಸೌದೆ ಬರೆದೆ, ಬಾಟಲಿ ಬರೆದೆ, ಬಸ್ ಚಾರ್ಜು ಬರೆದೆ,
ಒಲೆಯ ಮುಂದೆ ಕೂತ ಆರು ರಾತ್ರಿ ಬರೆಯಲಿಲ್ಲ.
ಅದು ಯಾರ ಖರ್ಚೆಂದು ಗೊತ್ತಾಗಲಿಲ್ಲ.

ಮೀಟರಿನ ಯೋಚನೆ ಬಂದದ್ದು ಬೊಳ್ಳಮ್ಮನ ಸಿಟ್ಟಿನಿಂದ.
ಅವಳ ಮೂರು ಚೀಲ ಚೆರಿಗೆ ವ್ಯಾಪಾರಿ ಕೈ ಹಾಕಿ,
ಒಂದು ಬೀಜ ಕಚ್ಚಿ, ಉಗಿದು,
'ಹಸಿ ಉಂಟು' ಎಂದು ಚೀಲಕ್ಕೆ ಎರಡು ಕೆಜಿ ಕಡಿದಿದ್ದ.
'ಅವನ ಹಲ್ಲಿಗೆ ನಂಬರ್ ಉಂಟಾ?' ಎಂದಳು.

ಗೋಣಿಕೊಪ್ಪದಲ್ಲಿ ಮುಚ್ಚಿದ ಕ್ಯೂರಿಂಗ್ ವರ್ಕ್ಸಿನಿಂದ
ಸೆಕೆಂಡ್ ಹ್ಯಾಂಡ್ ಮೀಟರ್ ತಂದೆವು, ಮುಳ್ಳಿನದು.
ಅಕ್ಕಿಯ ದುಡ್ಡೂ ಅದರಲ್ಲಿ ಹೋಯಿತು.
ಸಫಿಯಾ ಬೋರ್ಡ್ ಬರೆದಳು:
ತೇವ ನೋಡಿ ಹೇಳುತ್ತೇವೆ. ಸಲಕ್ಕೆ ಇಪ್ಪತ್ತು ರೂಪಾಯಿ.
'ಸೇವೆಗೂ ದುಡ್ಡಾ?' ಎಂದು ಯಾರೋ ನಕ್ಕರು.
ಬೊಳ್ಳಮ್ಮ ಕೆಳಗೆ ಸೇರಿಸಿದಳು: ಸಾಲ ಇಲ್ಲ.

ಮೊದಲ ಗಿರಾಕಿಯೂ ಅವಳೇ,
ಕಣದಲ್ಲಿ ಉಳಿದ ಕಾಫಿ ಸೆರಗಿನಲ್ಲಿ ಕಟ್ಟಿಕೊಂಡು.
ಮುಳ್ಳು ನಡುಗಿ ನಿಂತಿತು. ಹದಿಮೂರು.
ನಾವ್ಯಾರೂ ಮಾತಾಡಲಿಲ್ಲ.
ಅವಳು ಇಪ್ಪತ್ತು ರೂಪಾಯಿ ಎಣಿಸಿಟ್ಟು
ಮನೆಗೆ ಹೋಗಿ ಮತ್ತೆ ಹರವಿದಳು.
ಎರಡು ಬಿಸಿಲಿನ ಮೇಲೆ ಬಂದಳು: ಹನ್ನೊಂದೂವರೆ.
ಆ ಎರಡನೆಯ ಇಪ್ಪತ್ತನ್ನು
ಅವಳಷ್ಟು ಜೋರಾಗಿ ಮೇಜಿನ ಮೇಲೆ ಇಟ್ಟವರು
ಇವತ್ತಿಗೂ ಇಲ್ಲ.

ಸುದ್ದಿ ಹಬ್ಬಿದ್ದು ಆ ಹದಿಮೂರರಿಂದ.
ತಮ್ಮವಳಿಗೇ ಸುಳ್ಳು ಹೇಳದವರು ಎಂದು
ನಿಟ್ಟೂರಿನಿಂದ, ಕಾನೂರಿನಿಂದ ಸ್ಕೂಟರ್ ಬಂದವು;
ಸ್ವೀಟ್ ಬಾಕ್ಸಿನಲ್ಲಿ, ಟಿಫಿನ್ನಿನಲ್ಲಿ,
ಕರವಸ್ತ್ರದ ಗಂಟಿನಲ್ಲಿ ಹಿಡಿ ಹಿಡಿ ಕಾಫಿ.

ವ್ಯಾಪಾರಿಯೂ ಬಂದ. ಮಕ್ಕಳಿಗೆ ಬಿಸ್ಕತ್ತು ಹಂಚಿದ.
'ವರ್ಷದ ಅಕ್ಕಿ ನನ್ನದು,' ಎಂದ,
'ಮುಳ್ಳು ಅರ್ಧ ಮೇಲಿರಲಿ. ಅರ್ಧ ಮಾತ್ರ.'
ಥಟ್ಟನೆ ಬೇಡವೆಂದೆವೆಂದು ಬರೆಯಲಾರೆ.
ಆ ರಾತ್ರಿ ಲೆಕ್ಕ ಹಾಕಿದೆ: ಒಂಬತ್ತು ಕ್ವಿಂಟಾಲ್ ಅಕ್ಕಿ.
ಬೆಳಿಗ್ಗೆ ಚೋಮಿ ಸೌಟು ತೊಳೆಯುತ್ತಾ ಕೇಳಿದಳು:
'ಅರ್ಧ ಮಾರಿದ ಮೇಲೆ
ಉಳಿದರ್ಧಕ್ಕೆ ಯಾರು ಇಪ್ಪತ್ತು ಕೊಡುತ್ತಾರೆ ಅಕ್ಕಾ?'

ಈಗ ಹೂಮಳೆ ಬಿದ್ದಾಗಿದೆ.
ಮೀಟರ್ ಹಳೇ ಸೀರೆ ಸುತ್ತಿಕೊಂಡು ಮಲಗಿದೆ.
ಕಾಚಂಪುಳಿಗೆ ಈ ಸಲ ಮುನ್ನೂರೆಂಬತ್ತು,
ಲೆಕ್ಕದ ಪುಸ್ತಕದಲ್ಲಿ 'ರಾತ್ರಿ' ಎಂದು ಹೊಸ ಕಲಮು.
ಅಂಗಡಿಯವನು ಫೋನಿನಲ್ಲಿ ಅರ್ಧ ಗಂಟೆ ಜಗಳಾಡಿದ.
ಬೆಲೆ ಸರಿಯಿದೆ ಎಂದು ಅದರಿಂದ ತಿಳಿಯಿತು.

ಕಾಗದದವರು ಮತ್ತೆ ಬರೆದಿದ್ದಾರೆ:
ನಿಮ್ಮ ಯಶಸ್ಸಿನ ಕತೆ ಬೇಕು,
ಮಕ್ಕಳು ನಗುವ ಫೋಟೊ ಇದ್ದರೆ ಒಳ್ಳೆಯದು.
'ಅದಕ್ಕೆ ಎಷ್ಟು ಅಂತ ಬೋರ್ಡಿನಲ್ಲಿ ಹಾಕೋಣವಾ?'
ಸಫಿಯಾ ಸೀಮೆಸುಣ್ಣ ಹುಡುಕುತ್ತಾಳೆ.

ನಾನು ಪುಟ ತಿರುಗಿಸುತ್ತೇನೆ.
ಜೂನ್, ಜುಲೈ ಇನ್ನೂ ಕೆಂಪು ಶಾಯಿ.
ಆ ಎರಡು ತಿಂಗಳು ಗಂಜಿಗೆ ನೀರು ಹೆಚ್ಚು.
ಎಷ್ಟು ಹೆಚ್ಚು ಎಂದು ಅಳೆಯಲು
ನಮ್ಮ ಮೀಟರಿಗೆ ಬರುವುದಿಲ್ಲ.